ಪಾಂಡವರ ಕಲ್ಲುಮನೆಯಲ್ಲಿ ಇದ್ದವರು ಯಾರು?

(ಕಾಲೇಜು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಕೊಡಗಿನ ಗುಡ್ಡಗಳಲ್ಲಿ ತಿರುಗಾಡಿದವರು ಒಂದಲ್ಲ ಒಂದು ಕಡೆ ಈ ಕಲ್ಲುಗಳನ್ನು ನೋಡಿರುತ್ತೀರಿ. ನಾಲ್ಕು ಕಡೆ ನಾಲ್ಕು ಚಪ್ಪಡಿ, ಮೇಲೊಂದು ಭಾರಿ ಹಾಸುಗಲ್ಲು. ಹಲವುಗಳ ಎದುರಿನ ಚಪ್ಪಡಿಯಲ್ಲಿ ಒಂದು ಗುಂಡನೆಯ ಕಿಂಡಿಯೂ ಉಂಟು. ಕೆಲವು ಅರ್ಧ ಮಣ್ಣಿನಲ್ಲಿ ಹೂತಿರುತ್ತವೆ. ದೂರದಿಂದ ನೋಡಿದರೆ ಬೆಟ್ಟದ ಬಂಡೆಯೇ ತಾನಾಗಿ ಒಡೆದು ಹೀಗೆ ನಿಂತಿದೆಯೇನೋ ಎನಿಸುತ್ತದೆ. ಸೋಮವಾರಪೇಟೆ ಕಡೆಯ ದೊಡ್ಡಮಳ್ತೆ ಬಳಿಯ ಮೋರಿಬೆಟ್ಟ ಇವುಗಳಿಗೆ ಹೆಸರಾದ ಜಾಗ. ವಿರಾಜಪೇಟೆಯ ಸುತ್ತಲೂ ಇಂಥವು ಸಿಕ್ಕಿವೆ.

ಇವನ್ನು ಯಾರು ಕಟ್ಟಿದರು? ಹಿರಿಯರನ್ನು ಕೇಳಿದರೆ ಉತ್ತರ ಸಿದ್ಧವಾಗಿದೆ: ವನವಾಸಕ್ಕೆ ಬಂದ ಪಾಂಡವರು. ಪಾಂಡವರ ಬಂಡೆ ಎಂಬ ಅರ್ಥದ ‘ಪಾಂಡುಪಾರೆ’ ಎಂಬ ಹೆಸರು ಹುಟ್ಟಿದ್ದೇ ಹಾಗೆ. ಕನ್ನಡ ನಾಡಿನ ಹಲವೆಡೆ ಇನ್ನೊಂದು ಕಥೆಯಿದೆ. ಮೋರಿಯರೆಂಬ ಕುಳ್ಳರಿದ್ದರಂತೆ. ಎತ್ತರ ಮೂರಡಿಯಾದರೂ ಬಂಡೆ ಎತ್ತುವ ಶಕ್ತಿ ಅವರಿಗಿತ್ತಂತೆ. ಆಕಾಶದಿಂದ ಬೆಂಕಿಮಳೆ ಸುರಿದಾಗ ಈ ಕಲ್ಲುಮನೆಗಳಲ್ಲಿ ಅಡಗಿ, ಅಲ್ಲೇ ಸತ್ತರಂತೆ. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಗುಡ್ಡಕ್ಕೂ ಮೋರಿಯರ ಹೆಸರೇ ಇದೆ.

ಈ ಕಥೆಗಳನ್ನು ಕೇಳಿ ನಗುವುದು ಸುಲಭ. ಆದರೆ ಸ್ವಲ್ಪ ಯೋಚಿಸಿ. ಇಷ್ಟು ಭಾರದ ಕಲ್ಲನ್ನು ಎತ್ತಿದವರು ಯಾರು ಎಂಬ ಪ್ರಶ್ನೆಗೆ ಭೀಮನೇ ಉತ್ತರ. ಇಷ್ಟು ಚಿಕ್ಕ ಕಿಂಡಿಯಲ್ಲಿ ನುಸುಳಿದವರು ಯಾರು ಎಂಬ ಪ್ರಶ್ನೆಗೆ ಕುಳ್ಳರೇ ಉತ್ತರ. ಕಲ್ಲನ್ನು ಗಮನವಿಟ್ಟು ನೋಡಿದವರು ಕಟ್ಟಿದ ಕಥೆಗಳಿವು. ಕೇರಳದವರು ಇಂಥವನ್ನು ಮುನಿಗಳ ಕೋಣೆ ಎಂದರು, ತೆಲುಗರು ರಾಕ್ಷಸರ ಗುಡಿ ಎಂದರು. ದೂರದ ಡೆನ್ಮಾರ್ಕಿನಲ್ಲೂ ಇಂಥ ಕಲ್ಲುಕೋಣೆಗಳಿಗೆ ದೈತ್ಯರ ಕೋಣೆ ಎಂದೇ ಹೆಸರು.

ಹಾಗಾದರೆ ನಿಜವೇನು? ವಿರಾಜಪೇಟೆ ಬಳಿ ಲೆಫ್ಟಿನೆಂಟ್ ಮೆಕೆಂಜಿ ಎಂಬ ಅಧಿಕಾರಿ ಇಂಥ ಕಲ್ಲುಗೂಡುಗಳನ್ನು ಗುರುತಿಸಿದ. ಮುಂದೆ ಕೊಡಗಿನ ಸೂಪರಿಂಟೆಂಡೆಂಟ್ ಆಗಿದ್ದ ಕ್ಯಾಪ್ಟನ್ ಕೋಲ್ ಇನ್ನಷ್ಟನ್ನು ತೆರೆಸಿದ. ರಿಕ್ಟರ್ ಪಾದ್ರಿಯ 1870ರ ಕೊಡಗಿನ ಕೈಪಿಡಿಯಲ್ಲಿ ಇವುಗಳ ವರ್ಣನೆಯಿದೆ. ಒಳಗೆ ಸಿಕ್ಕಿದ್ದು ಮಡಕೆ, ಕಬ್ಬಿಣದ ಚೂರು, ಮಣಿಗಳು. ಅಂದರೆ ಇವು ವಾಸದ ಮನೆಗಳಲ್ಲ, ಸತ್ತವರಿಗಾಗಿ ಕಟ್ಟಿದ ಸಮಾಧಿಗಳು. ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದ ಮೇಲೆ, ದಕ್ಷಿಣದ ಇಂಥ ಸಮಾಧಿಗಳು ಕಬ್ಬಿಣ ಯುಗದವು ಎಂಬುದು ಸ್ಪಷ್ಟವಾಯಿತು. ಸ್ಥೂಲವಾಗಿ ಎರಡರಿಂದ ಮೂರು ಸಾವಿರ ವರ್ಷ ಹಿಂದಿನ ಮಾತಿದು. ಸತ್ತವರ ಮೂಳೆಗಳನ್ನು ಆಮೇಲೆ ತಂದಿಡಲು ಕಿಂಡಿ ಬಿಟ್ಟಿರಬೇಕು ಎನ್ನುವ ವಿದ್ವಾಂಸರಿದ್ದಾರೆ. ಆತ್ಮದ ಓಡಾಟಕ್ಕೆ ಎನ್ನುವವರೂ ಇದ್ದಾರೆ.

ಚಪ್ಪಡಿಗಳನ್ನು ಕೊಟ್ಟದ್ದು ಮಾತ್ರ ಪ್ರಕೃತಿಯೇ. ನಮ್ಮ ಬೆಟ್ಟಗಳ ಗ್ರಾನೈಟು, ನೈಸ್ ಶಿಲೆಗಳು ಬಿಸಿಲು ಮಳೆಗೆ ಸಿಕ್ಕಿ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಸಡಿಲಗೊಳ್ಳುತ್ತವೆ. ಅಂಥ ಪದರವನ್ನು ಸನ್ನೆಕೋಲು ಹಾಕಿ ಎಬ್ಬಿಸಬಹುದು. ಬಂಡೆಯ ಮೇಲೆ ಬೆಂಕಿ ಹೊತ್ತಿಸಿ ಕಾಯಿಸಿದರೂ ಚಪ್ಪಡಿ ಬಿಟ್ಟುಕೊಳ್ಳುತ್ತದೆ. ಬೆಂಗಳೂರಿನ ಸುತ್ತಲ ಕಲ್ಲುಕುಟಿಗರು ಕಳೆದ ಶತಮಾನದವರೆಗೂ ಹೀಗೆಯೇ ಕಲ್ಲು ತೆಗೆಯುತ್ತಿದ್ದರು. ಭೀಮನ ಬಲ ಬೇಕಿರಲಿಲ್ಲ. ಬೇಕಾದದ್ದು ಹತ್ತಾರು ಜನರ ಒಗ್ಗಟ್ಟು, ಸತ್ತವರ ಮೇಲಿನ ಗೌರವ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಪಾಂಡವರ ಮನೆ ಎಂದು ನಂಬಿದವನು ಆ ಕಲ್ಲಿಗೆ ಕೈಹಚ್ಚಲು ಹಿಂಜರಿಯುತ್ತಾನೆ. ಆ ಮಟ್ಟಿಗೆ ಕಥೆಯೇ ಕಾವಲು. ಆದರೆ ಅದೇ ಕಥೆಗೆ ‘ಒಳಗೆ ನಿಧಿ ಇದೆ’ ಎಂಬ ಬಾಲ ಸೇರಿದರೆ ಹಾರೆ ಗುದ್ದಲಿ ಹಿಡಿದವರು ರಾತ್ರಿ ಹೊತ್ತು ಬರುತ್ತಾರೆ. ಸಿಗುವುದು ಒಡೆದ ಮಡಕೆ. ಅದನ್ನು ಬಿಸಾಡಿ ಹೋಗುತ್ತಾರೆ. ಯಾವ ಮಡಕೆ ಯಾವ ಮೂಲೆಯಲ್ಲಿತ್ತು, ಪಕ್ಕದಲ್ಲಿ ಏನಿತ್ತು ಎಂಬುದರಿಂದಲೇ ಆ ಜನರ ಬಾಳು ನಮಗೆ ತಿಳಿಯಬೇಕು. ಒಮ್ಮೆ ಕದಡಿದರೆ ಆ ವಿವರ ಮತ್ತೆ ಸಿಗುವುದಿಲ್ಲ. ಬರೆಯಲು ಬಾರದ ಜನರ ಬಗ್ಗೆ ನಮಗಿರುವುದು ಇದೊಂದೇ ದಾಖಲೆ.

ನಿಧಿಯ ಆಸೆಯಿಲ್ಲದವರಿಂದಲೂ ಅಪಾಯವಿದೆ. ಸಿದ್ಧವಾಗಿ ಸಿಕ್ಕ ಚಪ್ಪಡಿ ತೋಡಿಗೆ ಸಂಕವಾಗಬಹುದು, ಬಟ್ಟೆ ಒಗೆಯುವ ಕಲ್ಲಾಗಬಹುದು. ತೋಟ ಸಮತಟ್ಟು ಮಾಡುವ ಜೆಸಿಬಿಗೆ ಎರಡು ಸಾವಿರ ವರ್ಷ ಎರಡು ನಿಮಿಷದ ಕೆಲಸ. ಹಿರೇಬೆಣಕಲ್ 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಕೊಡಗಿನ ಕಲ್ಲುಗೂಡುಗಳೂ ಅದೇ ಪರಂಪರೆಗೆ ಸೇರಿದವು ಎಂಬುದನ್ನು ನಾವು ಮರೆಯಬಾರದು.

ನಿಮ್ಮ ತೋಟದಲ್ಲೋ ಬಾಣೆಯಲ್ಲೋ ಇಂಥ ಕಲ್ಲು ಕಂಡರೆ ಅಲುಗಾಡಿಸಬೇಡಿ. ಒಂದು ಚಿತ್ರ ತೆಗೆದು, ಜಾಗ ಗುರುತು ಹಾಕಿಕೊಂಡು ಪುರಾತತ್ವ ಇಲಾಖೆಗೆ ತಿಳಿಸಿ. ಆಮೇಲೆ ಮನೆಯ ಅಜ್ಜಿಯ ಹತ್ತಿರ ಆ ಕಲ್ಲಿನ ಕಥೆ ಕೇಳಿ, ಅವರು ಹೇಳಿದ ಹಾಗೆಯೇ ಬರೆದಿಡಿ. ಅವರ ಬಳಿಕ ಅದನ್ನು ಹೇಳುವವರು ಇರುತ್ತಾರೆಂಬ ಭರವಸೆಯಿಲ್ಲ.