ಕೋಡ್ ಕೇಳ್ರಿ, ಆಮೇಲೆ ಪಾರ್ಟ್ ಬದಲಿಸ್ರಿ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಬಿ.ಎ. ಓದುವವನು ಇಂಜಿನ್ ಬಗ್ಗೆ ಏನು ಮಾತಾಡ್ತಾನ ಅಂತ ನಗಬ್ಯಾಡ್ರಿ. ನಮ್ಮ ಅಣ್ಣ ಸಾಲ ಮಾಡಿ ಹಳೆಯ ಪೆಟ್ರೋಲ್ ಕಾರು ತಗೊಂಡು ಅಕ್ಕಲಕೋಟ–ಸೋಲಾಪುರ ಬಾಡಿಗೆ ಹೊಡೀತಾನ. ಹೋದ ಮಳೆಗಾಲದಾಗ ಇಂಜಿನ್ ನಡುಗಾಕ ಹತ್ತಿತು, ಮೀಟರಿನಾಗ ಹಳದಿ ದೀಪ ಬಂತು. ಒಂದು ಗ್ಯಾರೇಜಿನವರು ಸ್ಕ್ಯಾನರ್ ಹಚ್ಚಿ, "ಕೋಡ್ ಬಂದದ, ನಾಲ್ಕೂ ಇಂಜೆಕ್ಟರ್ ಬದಲಿಸಬೇಕು" ಅಂದ್ರು. ಅದು ಅಣ್ಣನ ಸಾಲದ ಎರಡು ಕಂತಿನ ಹಣ. "ಯಾವ ಕೋಡ್?" ಅಂತ ಕೇಳಬೇಕು ಅನ್ನೋದೇ ನಮಗ ಗೊತ್ತಿರಲಿಲ್ಲ.

ಮನಿಗೆ ಬಂದು ಗೆಳೆಯನ ಸಣ್ಣ ಸ್ಕ್ಯಾನರ್ ತಂದ್ವಿ. ನಮ್ಮ ದೇಶದಲ್ಲಿ ಈಚಿನ ವರ್ಷಗಳಲ್ಲಿ ತಯಾರಾದ ಬಹುತೇಕ ಕಾರುಗಳಲ್ಲಿ ಸ್ಟೇರಿಂಗ್ ಕೆಳಗ 16 ಪಿನ್ನಿನ ಸಾಕೆಟ್ ಇರ್ತದ. ಅದಕ್ಕ ಹಚ್ಚಿದಾಗ ಬಂದದ್ದು ಪಿ0301. 'ಪಿ' ಅಂದ್ರ ಇಂಜಿನ್-ಗೇರಿನ ಕಡೆಯ ದೋಷ. 0 ಅಂದ್ರ ಎಲ್ಲಾ ಕಂಪನಿಗೂ ಒಂದೇ ಅರ್ಥದ ಕೋಡ್. 3 ಅಂದ್ರ ಕಿಡಿ, ಉರಿ ವಿಭಾಗ. 01 ಅಂದ್ರ ಒಂದನೇ ಸಿಲಿಂಡರ್. ಒಂದನೇ ಸಿಲಿಂಡರ್ ಸರಿಯಾಗಿ ಉರೀತಿಲ್ಲ, ಇಷ್ಟೇ ಅದರ ಮಾತು. ಕಾರಣ ಪ್ಲಗ್ ಇರಬಹುದು, ಕಾಯಿಲ್ ಇರಬಹುದು, ಇಂಜೆಕ್ಟರ್ ಇರಬಹುದು, ಕಂಪ್ರೆಶನ್ ಕಡಿಮೆ ಆಗಿರಬಹುದು. ಕೋಡ್ ಅಂದ್ರ ದೂರು, ತೀರ್ಪಲ್ಲ. ವಿಚಾರಣೆ ನಾವೇ ಮಾಡಬೇಕು.

ಆ ಕಾರಿನಾಗ ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇತ್ತು. ಇಂಜಿನ್ ಬಂದ್ ಮಾಡಿ, ತಣ್ಣಗಾದ ಮೇಲೆ ಒಂದನೇದರ ಕಾಯಿಲ್ ಎರಡನೇದಕ್ಕ, ಎರಡನೇದರದು ಒಂದನೇದಕ್ಕ ಹಾಕಿದ್ವಿ. ಕೋಡ್ ಬರೆದಿಟ್ಟುಕೊಂಡು ಅಳಿಸಿ, ಗಾಡಿ ಓಡಿಸಿದ್ವಿ. ಈ ಸಲ ಬಂದದ್ದು ಪಿ0302. ಕಾಯಿಲ್ ಹೋದಲ್ಲಿ ದೋಷವೂ ಹೋಯಿತು! ಒಂದೇ ಕಾಯಿಲ್ ಬದಲಿಸಿದ್ವಿ, ನಡುಕ ನಿಂತಿತು. ಕೋಡ್ 0301 ಆಗಿಯೇ ಉಳಿದಿದ್ರ, ಮುಂದ ಪ್ಲಗ್ ಅದಲುಬದಲು ಮಾಡಿ ನೋಡಬೇಕಾಗ್ತಿತ್ತು.

ಎರಡು ಮಾತು ನೆನಪಿಡ್ರಿ. ದೀಪ ಮಿಣುಕುತ್ತಿದ್ರ ಗಾಡಿ ಓಡಿಸಬ್ಯಾಡ್ರಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಸುಡ್ತದ. ಇನ್ನೊಂದು, ಕೋಡ್ ಅಳಿಸಿದ್ರ ರಿಪೇರಿ ಆಗಂಗಿಲ್ಲ. ದೋಷ ಇದ್ರ ದೀಪ ಮತ್ತ ಬರ್ತದ.

ನಮ್ಮ ಓಣಿಯಾಗ ಬಾಡಿಗೆ ಗಾಡಿ ಓಡಿಸುವವರು ಬಾಳ ಮಂದಿ ಇದ್ದಾರ. ಸಂಘದಿಂದ ಒಂದು ಸ್ಕ್ಯಾನರ್ ತಂದು ವಾಚನಾಲಯದಾಗ ಇಡೋಣ ಅಂತ ನನ್ನ ಕೋರಿಕೆ. ಅಲ್ಲಿತನಕ ಗ್ಯಾರೇಜಿಗೆ ಹೋದಾಗ ಕೋಡ್ ಬರೆಸಿಕೊಳ್ರಿ. "ಈ ಪಾರ್ಟೇ ಕೆಟ್ಟದ ಅಂತ ಯಾವ ಪರೀಕ್ಷೆಯಿಂದ ಗೊತ್ತಾಯ್ತು?" ಅಂತ ಕೇಳ್ರಿ. ಕೇಳಾಕ ರೊಕ್ಕ ಬೇಕಾಗಿಲ್ಲ.