ಆಪ್ತಸಮಾಲೋಚಕರ ಸಂಬಳ ಯಾವ ಲೆಕ್ಕ ಶೀರ್ಷಿಕೆಯಲ್ಲಿ?



ಸರ್ಕಾರಿ ಶಾಲೆಯ ಮಕ್ಕಳ ಮಾನಸಿಕ ಆರೋಗ್ಯ ಈ ವಿಚಾರ ಸಂಕಿರಣದ ವಿಷಯ. ಮಕ್ಕಳ ಮನಸ್ಸಿನ ಬಗ್ಗೆ ನಾವೆಲ್ಲ ಸಾಕಷ್ಟು ಮಾತಾಡಿದ್ದೇವೆ. ಅದಕ್ಕೆ ತಗಲುವ ದುಡ್ಡಿನ ಮಾತು ಬಂದಾಗ ಮಾತ್ರ ಸಭೆ ಮೌನವಾಗುತ್ತದೆ. ಅದಕ್ಕಾಗಿ ಇವತ್ತು ನಾನು ದುಡ್ಡಿನ ಮಾತನ್ನೇ ಆಡುತ್ತೇನೆ.

2025ರ ಜುಲೈ 25ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಕ್ರಮ್ ನಾಥ್ ಮತ್ತು ನ್ಯಾಯಮೂರ್ತಿ ಸಂದೀಪ್ ಮೆಹ್ತಾ ಅವರ ಪೀಠ ವಿಶಾಖಪಟ್ಟಣದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ತೀರ್ಪು ಕೊಟ್ಟು, ದೇಶದ ಶಿಕ್ಷಣ ಸಂಸ್ಥೆಗಳಿಗೆಲ್ಲ ಮಾರ್ಗಸೂಚಿ ಹೊರಡಿಸಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಇರಲೇಬೇಕು. ಅದಕ್ಕಿಂತ ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಅಧಿಕೃತವಾಗಿ ಸಂಪರ್ಕ ಇಟ್ಟುಕೊಳ್ಳಬೇಕು. ಬೆಂಗಳೂರಿನ ನಮ್ಮ ಕೈಗಾರಿಕಾ ವಲಯದ ಅನೇಕ ಸರ್ಕಾರಿ ಶಾಲೆಗಳಲ್ಲಿ ನೂರು ಮಕ್ಕಳು ಒಂದೇ ತರಗತಿಯಲ್ಲಿ ಸಿಗುತ್ತಾರೆ. ಅಂಥ ಶಾಲೆಗೆ ಬರುವ ಆಪ್ತಸಮಾಲೋಚಕರಿಗೆ ತಿಂಗಳ ಕೊನೆಗೆ ಸಂಬಳ ಹಾಕುವವರು ಯಾರು?

ಪೀಣ್ಯದ ಸುತ್ತಲಿನ ಒಂದು ಪ್ರೌಢಶಾಲೆಯಲ್ಲಿ ನಾನು ಕಂಡ ಸಂಗತಿ ಇದು. ಒಂಬತ್ತನೇ ತರಗತಿಯ ಹುಡುಗಿ. ಬಿಸಿಯೂಟಕ್ಕೆ ಮೊದಲು ಕೈ ತೊಳೆಯಲು ನಲ್ಲಿಯ ಹತ್ತಿರ ಹೋದರೆ ಉಳಿದವರ ಊಟ ಮುಗಿದರೂ ವಾಪಸು ಬರುತ್ತಿರಲಿಲ್ಲ. ಬೆರಳ ಸಂದಿಯ ಚರ್ಮ ಸುಲಿದಿತ್ತು. ಮುಖ್ಯ ಶಿಕ್ಷಕಿ ಅದನ್ನು ಗಮನಿಸಿ, ತಾಯಿಯನ್ನು ಕರೆಸಿ, ನಗರದೊಳಗಿನ ದೊಡ್ಡ ಸರ್ಕಾರಿ ಆಸ್ಪತ್ರೆಗೆ ತಾವೇ ಜೊತೆಗೆ ಹೋದರು. ಗೀಳು ಕಾಯಿಲೆ ಎಂದು ವೈದ್ಯರು ಗುರುತಿಸಿ, ಔಷಧಿ ಕೊಟ್ಟು, ವಾರಕ್ಕೊಮ್ಮೆ ಮಾತಿನ ಚಿಕಿತ್ಸೆಗೆ ಬರಹೇಳಿದರು. ತಾಯಿ ಗಾರ್ಮೆಂಟ್ಸ್ ಕೆಲಸದವರು. ಒಂದು ದಿನ ರಜೆ ಹಾಕಿದರೆ ಆ ದಿನದ ಕೂಲಿಯ ಜೊತೆ ಹಾಜರಾತಿ ಬೋನಸ್ಸೂ ಹೋಗುತ್ತದೆ. ಒಂದೆರಡು ಸಲ ಹೋದರು, ಆಮೇಲೆ ನಿಂತಿತು. ಮುಖ್ಯ ಶಿಕ್ಷಕಿ ಕೊಟ್ಟ ಆಟೊ ಬಾಡಿಗೆ ಶಾಲೆಯ ನಗದು ಪುಸ್ತಕದಲ್ಲಿ ಎಲ್ಲೂ ಇಲ್ಲ. ಸಾದಿಲ್ವಾರಿನಲ್ಲಿ ಬರೆದರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆಂದು ಸ್ವಂತ ಕೈಯಿಂದಲೇ ಕೊಟ್ಟಿದ್ದರು.

ಆ ತಾಯಿಯ ಪರ್ಸಿನಲ್ಲಿ ಕಾರ್ಮಿಕರ ರಾಜ್ಯ ವಿಮಾ ಯೋಜನೆಯ, ಅಂದರೆ ಇಎಸ್‌ಐನ ಇ-ಪೆಹಚಾನ್ ಕಾರ್ಡ್ ಇತ್ತು, ಅದರಲ್ಲಿ ಮಗಳ ಹೆಸರೂ ಇತ್ತು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವ ಕಾರ್ಮಿಕರಿಂದ ಶೇ. 0.75, ಮಾಲೀಕರಿಂದ ಶೇ. 3.25 ಪ್ರತಿ ತಿಂಗಳೂ ಇಎಸ್‌ಐಗೆ ಸಂದಾಯವಾಗುತ್ತದೆ. ಅಂದರೆ ಈ ಮಗುವಿನ ಚಿಕಿತ್ಸೆಗೆ ಮುಂಗಡವಾಗಿಯೇ ದುಡ್ಡು ಕಟ್ಟಲಾಗಿದೆ! ಆದರೆ ಆ ದುಡ್ಡು ಡಿಸ್ಪೆನ್ಸರಿ ಮತ್ತು ಆಸ್ಪತ್ರೆಯ ಬಾಗಿಲಲ್ಲೇ ಸಿಗಬೇಕು. ಮಗು ದಿನವಿಡೀ ಇರುವ ಶಾಲೆಯವರೆಗೆ ಅದು ನಡೆದು ಬರುವುದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಥೆಯೂ ಹೆಚ್ಚುಕಡಿಮೆ ಇದೇ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ, ಮಾನಸಿಕ ಕಾಯಿಲೆಗಳ ಪ್ಯಾಕೇಜುಗಳೂ ಇವೆ, ಆದರೆ ಅವು ಮುಖ್ಯವಾಗಿ ದಾಖಲಾದ ರೋಗಿಗೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ದೇಹದ ಕಾಯಿಲೆಗೆ ಸಮನಾಗಿ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು ವಿಧಿಸಿದ್ದು ದೊಡ್ಡ ಹೆಜ್ಜೆ. ಹಾಗಿದ್ದರೂ ಈ ಹುಡುಗಿಗೆ ಬೇಕಾದದ್ದು ಹಾಸಿಗೆಯಲ್ಲ, ವಾರಕ್ಕೊಂದು ಗಂಟೆ.

ಇನ್ನು ನಮ್ಮ ಹೆಮ್ಮೆಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಮಾದರಿಯೇ 1996ರಲ್ಲಿ ದೇಶದ ಕಾರ್ಯಕ್ರಮವಾಯಿತು. ಶಾಲೆಗಳಲ್ಲಿ ಜೀವನ ಕೌಶಲ ಶಿಕ್ಷಣ ಮತ್ತು ಆಪ್ತಸಮಾಲೋಚನೆಯೂ ಅದರ ಪಟ್ಟಿಯಲ್ಲಿದೆ. ಆದರೆ 12ನೇ ಪಂಚವಾರ್ಷಿಕ ಯೋಜನೆಯ ಲೆಕ್ಕದಲ್ಲಿ ಒಂದು ಜಿಲ್ಲೆಗೆ ವರ್ಷಕ್ಕೆ ಗರಿಷ್ಠ 83.2 ಲಕ್ಷ, ಅದರಲ್ಲೇ ಸಿಬ್ಬಂದಿ, ಔಷಧಿ, ತರಬೇತಿ, ಓಡಾಟ ಎಲ್ಲ. ಬೆಂಗಳೂರು ನಗರದಂಥ ಜಿಲ್ಲೆಯಲ್ಲಿ ಒಂದು ತಂಡ ಎಷ್ಟು ಶಾಲೆಗಳ ಮೆಟ್ಟಿಲು ಹತ್ತೀತು? ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್‌ಗಳಿವೆ, 14416 ಟೆಲಿ ಮಾನಸ್ ಸಹಾಯವಾಣಿ ಇದೆ, ಅವೆಲ್ಲ ಬೇಕು. ಮನೆಯಲ್ಲಿ ಒಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ ಇರುವ ಮಗು ಆ ಸಂಖ್ಯೆಗೆ ಯಾವಾಗ ಕರೆ ಮಾಡುತ್ತದೆ ಎಂಬುದನ್ನೂ ಯೋಚಿಸಬೇಕು.

ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಮಾತಿಗೆ ಬರುತ್ತೇನೆ. ಇಲ್ಲಿನ ದೊಡ್ಡ ಕಂಪನಿಗಳು ತಮ್ಮ ನೌಕರರಿಗೆ, ಅನೇಕ ಕಡೆ ನೌಕರರ ಮನೆಯವರಿಗೂ, ಉಚಿತ ಆಪ್ತಸಮಾಲೋಚನೆ ಒದಗಿಸುತ್ತವೆ. ಒಳ್ಳೆಯ ಕೆಲಸ. ಅದೇ ಕಟ್ಟಡದ ನೆಲ ಒರೆಸುವವರು, ಗೇಟು ಕಾಯುವವರು, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವರು ಬೇರೆ ಗುತ್ತಿಗೆದಾರರ ಪುಸ್ತಕದಲ್ಲಿರುವುದರಿಂದ ಸಾಮಾನ್ಯವಾಗಿ ಈ ಸೌಲಭ್ಯದ ಹೊರಗೆ ಉಳಿಯುತ್ತಾರೆ. ಅವರ ಮಕ್ಕಳೇ ಪಕ್ಕದ ಸರ್ಕಾರಿ ಶಾಲೆಯ ಮಕ್ಕಳು: ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬಂದವರು, ಒಡಿಶಾ, ಬಿಹಾರದಿಂದ ಬಂದವರು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ಲಾಭದ ಶೇ. 2ರಷ್ಟು ಸಿಎಸ್‌ಆರ್ ಹೆಸರಿನಲ್ಲಿ ಸಾಮಾಜಿಕ ಕೆಲಸಕ್ಕೆ ಹೋಗುತ್ತದೆ, ಶಾಲೆಗಳಿಗೂ ಬರುತ್ತದೆ. ಬಂದದ್ದು ಶೌಚಾಲಯವಾಗಿ, ಸ್ಮಾರ್ಟ್ ಬೋರ್ಡಾಗಿ, ಗೋಡೆಯ ಬಣ್ಣವಾಗಿ ಕಾಣುತ್ತದೆ. ಮನುಷ್ಯರ ಸಂಬಳವಾಗಿ ಕಾಣುವುದು ಅಪರೂಪ. ನಿಯಮದ ಪ್ರಕಾರ ಮುಂದುವರಿಯುವ ಯೋಜನೆಯೊಂದಕ್ಕೆ ಶುರುವಾದ ವರ್ಷ ಬಿಟ್ಟು ಮೂರು ವರ್ಷದ ಮಿತಿ. ಎಂಟನೇ ತರಗತಿಯಲ್ಲಿ ನಂಬಿಕೆ ಗಳಿಸಿದ ಆಪ್ತಸಮಾಲೋಚಕಿ ಎಸ್‌ಎಸ್‌ಎಲ್‌ಸಿ ಹೊತ್ತಿಗೆ ಯೋಜನೆ ಮುಗಿಯಿತೆಂದು ಹೊರಟುಹೋದರೆ, ಅವರನ್ನು ನಂಬಿ ಬಾಯಿಬಿಟ್ಟ ಮಗು ಇನ್ನೊಬ್ಬರೆದುರು ಬಾಯಿ ಬಿಡುವುದು ಕಷ್ಟ. ಈ ಹಾನಿಯನ್ನು ಯಾವ ಬಳಕೆ ಪ್ರಮಾಣಪತ್ರವೂ ತೋರಿಸುವುದಿಲ್ಲ.

ಹಾಗಾದರೆ ಅಮೆರಿಕದಂತೆ ಮಾಡಬಾರದೇ ಎಂದು ಕೇಳುವವರಿದ್ದಾರೆ. ಅಲ್ಲಿ 1988ರ ಕಾನೂನಿನಿಂದ ವಿಶೇಷ ಅಗತ್ಯದ ಮಕ್ಕಳಿಗೆ ಶಾಲೆಯಲ್ಲೇ ಕೊಟ್ಟ ಸೇವೆಗೆ ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್‌ನಿಂದ ಹಣ ಪಡೆಯುವ ದಾರಿ ತೆರೆಯಿತು, 2014ರಲ್ಲಿ ಅದನ್ನು ಇನ್ನಷ್ಟು ಅಗಲ ಮಾಡಿದರು. ಶಾಲೆಯೇ ಬಿಲ್ ಕಳಿಸುತ್ತದೆ. ಆಸ್ಪತ್ರೆಯ ಗೋಡೆ ದಾಟಿ ಆರೋಗ್ಯದ ದುಡ್ಡು ಶಾಲೆಗೆ ಬರಬಹುದು ಎಂಬುದಕ್ಕೆ ಅದು ಸಾಕ್ಷಿ, ಆ ಮಟ್ಟಿಗೆ ನಾವು ಕಲಿಯೋಣ. ಆದರೆ ಪ್ರತಿ ಮಗುವಿನ ಹೆಸರಿನಲ್ಲಿ ಬಿಲ್ ಹಾಕುವ ಪದ್ಧತಿಯನ್ನು ಇಲ್ಲಿಗೆ ತರುವುದನ್ನು ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಬಿಲ್ ಬೇಕೆಂದರೆ ರೋಗದ ಹೆಸರು ಬೇಕು. ಊರು ಬಿಟ್ಟು ಬಂದು ಭಾಷೆ ತಿಳಿಯದೆ ಸುಮ್ಮನಾದ ಮಗುವಿಗೆ ಯಾವ ರೋಗದ ಹೆಸರು ಬರೆಯೋಣ? ಬರೆದದ್ದು ಕಂಪ್ಯೂಟರಿನಲ್ಲಿ ಉಳಿಯುತ್ತದೆ, ನೆಂಟರ ಕಿವಿಗೆ ಬೀಳುತ್ತದೆ, ಹೆಣ್ಣು ಮಗುವಾದರೆ ಮನೆಯವರು ಮೊದಲು ಹೆದರುವುದು ಮದುವೆಗೆ. ಬಿಲ್ಲಿನ ಭಯಕ್ಕೆ ಮಗುವನ್ನೇ ಕಳಿಸದಿದ್ದರೆ ಎಲ್ಲ ವ್ಯರ್ಥ. ಅದಕ್ಕೇ ನನ್ನ ಒತ್ತಾಯ: ಮಗುವಿನ ತಲೆಯ ಮೇಲೆ ಬಿಲ್ ಬೇಡ, ಹುದ್ದೆಗೆ ಸಂಬಳ ಕೊಡಿ.

ಲೆಕ್ಕ ಹಾಕಿ ನೋಡೋಣ. ತಲಾ 200 ಮಕ್ಕಳ ಐದು ಪ್ರೌಢಶಾಲೆಗಳಿಗೆ ಒಬ್ಬ ಆಪ್ತಸಮಾಲೋಚಕರು, ವಾರದಲ್ಲಿ ಒಂದು ದಿನ ಒಂದು ಶಾಲೆ. ತಿಂಗಳಿಗೆ 35,000 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 4.2 ಲಕ್ಷ. ಒಂದು ಮಗುವಿಗೆ ವರ್ಷಕ್ಕೆ 420 ರೂಪಾಯಿ. ಸಮಗ್ರ ಶಿಕ್ಷಣದ ಸಂಯುಕ್ತ ಅನುದಾನದಲ್ಲಿ 200 ಮಕ್ಕಳ ಶಾಲೆಗೆ ಬರುವುದು 50,000, ಅಂದರೆ ತಲೆಗೆ 250. ಅದರಲ್ಲೇ ವಿದ್ಯುತ್ತು, ನೀರು, ಸೀಮೆಸುಣ್ಣ, ರಿಪೇರಿ ನಡೆಯಬೇಕು. ಆದ್ದರಿಂದ ಶಾಲೆಯ ಅನುದಾನದಲ್ಲೇ ಹೊಂದಿಸಿಕೊಳ್ಳಿ ಎಂದು ಯಾರೂ ಹೇಳುವಂತಿಲ್ಲ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇ. 7.3ರಷ್ಟು ಮಂದಿಗೆ, ಮಹಾನಗರಗಳಲ್ಲಿ ಶೇ. 13.5ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡಿತ್ತು. ಮಹಾನಗರದ ಲೆಕ್ಕ ಹಿಡಿದರೆ ನಮ್ಮ ಸಾವಿರ ಮಕ್ಕಳಲ್ಲಿ 135 ಮಂದಿ.

ದಿನನಿತ್ಯದ ಖರ್ಚಿಗೆ ಖಾಸಗಿ ದುಡ್ಡು ಬರುವುದಿಲ್ಲ ಎಂಬ ಮಾತನ್ನು ಇನ್ನು ನಾನು ಒಪ್ಪುವುದಿಲ್ಲ. ಇದೇ ರಾಜ್ಯದಲ್ಲಿ ಬಿಸಿಯೂಟದ ಮೊಟ್ಟೆ ವಾರಕ್ಕೆ ಎರಡು ದಿನದಿಂದ ಆರು ದಿನಕ್ಕೆ ಏರಿದ್ದು 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ 1,500 ಕೋಟಿಗೂ ಹೆಚ್ಚು ಕೊಡಲು ಒಪ್ಪಿದ್ದರಿಂದ. ಎರಡು ದಿನದ ಹೊಣೆ ಸರ್ಕಾರದ್ದೇ ಆಗಿ ಉಳಿಯಿತು. ಆಪ್ತಸಮಾಲೋಚಕರ ವೆಚ್ಚವನ್ನೂ ಹೀಗೇ ಹಂಚಿಕೊಳ್ಳೋಣ: ಹುದ್ದೆಯ ಹೊಣೆ ಸರ್ಕಾರದ ಆಯವ್ಯಯದಲ್ಲಿ, ತರಬೇತಿ ಮತ್ತು ಮೇಲ್ವಿಚಾರಣೆಯ ವೆಚ್ಚ ಸಿಎಸ್‌ಆರ್‌ನಲ್ಲಿ, ವಿಮಾದಾರ ಕಾರ್ಮಿಕರ ಮಕ್ಕಳು ಹೆಚ್ಚಿರುವ ಶಾಲಾ ಕ್ಲಸ್ಟರುಗಳಿಗೆ ಇಎಸ್‌ಐಯಿಂದ ಒಟ್ಟು ಮೊತ್ತದ ಪಾಲು, ಮಕ್ಕಳ ಹೆಸರುಗಳಿಲ್ಲದೆ. ಮೂರೂ ಕಡೆಯವರು ಈ ಸಭಾಂಗಣದಲ್ಲೇ ಇದ್ದೀರಿ.

ಮಧ್ಯಾಹ್ನದ ಗೋಷ್ಠಿಗೆ ನನ್ನದೊಂದು ಕೋರಿಕೆ. ಪೀಣ್ಯದ ಒಂದು ಕ್ಲಸ್ಟರ್ ತೆಗೆದುಕೊಳ್ಳಿ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಲೆಕ್ಕ ಅಧೀಕ್ಷಕರು, ಇಎಸ್‌ಐ ಅಧಿಕಾರಿ, ಒಂದು ಕಂಪನಿಯ ಪ್ರತಿನಿಧಿ ಒಂದೇ ಮೇಜಿನ ಸುತ್ತ ಕುಳಿತು, ಲೆಕ್ಕ ಶೀರ್ಷಿಕೆ ಸಮೇತ ಒಂದು ವರ್ಷದ ಕರಡು ಬಜೆಟ್ ಬರೆಯಿರಿ. ಮುಖ್ಯ ಶಿಕ್ಷಕಿಯ ಆಟೊ ಬಾಡಿಗೆಗೂ ಅದರಲ್ಲಿ ಒಂದು ಸಾಲು ಇರಲಿ. ನಾಳೆ ಸಂಜೆ ಇಲ್ಲಿಂದ ಶಿಕ್ಷಣ ಇಲಾಖೆಗೆ ಹೋಗುವ ಶಿಫಾರಸಿನ ಮೊದಲ ಪುಟ ಆ ಬಜೆಟ್ಟೇ ಆಗಿರಬೇಕೆಂದು ಕೇಳಿಕೊಳ್ಳುತ್ತೇನೆ.