ಬಡಕಲು ಕುದುರೆಗೆ ಮರುಜೀವ



ಈ ದಿನ ನಾವು ಕುದುರೆ ವಿಚಾರ ಮಾತಾಡೋಣ. ರೇಸಿನ ಕುದುರೆ ಅಲ್ಲ. ಗಾಡಿ ಎಳೆಯುವ ಕುದುರೆ.

ಹಿಂದೆ ರೈಲು ಇಳಿದವರು ಜಟಕಾ ಹತ್ತಿ ಮನೆ ಸೇರುತ್ತಿದ್ದರು. ಆಮೇಲೆ ಬಸ್ಸು ಬಂತು, ಆಟೋ ಬಂತು. ಜಟಕಾಗಳು ಕಡಿಮೆಯಾದವು. ಮೈಸೂರಿನಲ್ಲಿ ಟಾಂಗಾಗಳು ಇನ್ನೂ ಇವೆ. ಊರು ನೋಡಲು ಬಂದವರು ಹತ್ತುತ್ತಾರೆ. ಬಾಡಿಗೆ ಸಿಗದ ದಿನ ಕುದುರೆಯ ಹುರುಳಿಗೂ ಕಾಸಿರೋದಿಲ್ಲ. ಹೀಗೇ ದಿನ ಕಳೆದರೆ ಕುದುರೆ ಸೊರಗುತ್ತೆ. ಪಕ್ಕೆಲುಬು ಎಣಿಸಬಹುದು. ಪಟ್ಟಿ ಉಜ್ಜಿದ ಕಡೆ ಹುಣ್ಣು. ಗೊರಸು ಬೆಳೆದು ಕುಂಟು.

ಇಂಥ ಕುದುರೆಯನ್ನು ಉಳಿಸುವುದು ಹೇಗೆ?

ಗಾಡಿಯವರನ್ನು ಬೈದರೆ ಕುದುರೆಯ ಹೊಟ್ಟೆ ತುಂಬೋದಿಲ್ಲ. ಅವರ ಮನೆಯ ಒಲೆ ಉರಿಯೋದೂ ಆ ಕುದುರೆಯಿಂದಲೇ. ಹತ್ತಿರ ಕೂತು ಮಾತಾಡಬೇಕು. ಮೊದಲು ಗಾಡಿ ಬಿಚ್ಚಿಸಬೇಕು. ಹುಣ್ಣಾದ, ಕುಂಟುವ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಇದನ್ನೂ ತಿಳಿಸಬೇಕು. ಆದರೂ ಕೇಳದೆ ಹೊಡೆದು ದುಡಿಸಿದರೆ ಪೊಲೀಸರಿಗೆ ಹೇಳಬೇಕು.

ಆಮೇಲೆ ದನದ ಆಸ್ಪತ್ರೆ ಡಾಕ್ಟರನ್ನು ಕರೆಸಿ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿಯೂ ಕೇಳಬಹುದು. ಕುದುರೆಗೆ ಧನುರ್ವಾಯು ಬೇಗ ತಗಲುತ್ತೆ. ಗಾಯ ಇದ್ದರೆ ಅದರ ಇಂಜೆಕ್ಷನ್ ಹಾಕಿಸಲೇಬೇಕು.

ಈಗ ಬಹಳ ಮುಖ್ಯವಾದ ಮಾತು. ಪಾಪ, ಹಸಿದಿದೆ ಅಂತ ಒಂದು ಬಕೆಟ್ ಹುರುಳಿ ತಂದು ಇಡಬೇಡಿ! ಬಹಳ ದಿನ ಉಪವಾಸ ಇದ್ದ ಮೈಗೆ ಒಮ್ಮೆಲೇ ಕಾಳು ಬಿದ್ದರೆ ರಕ್ತದ ಲವಣಗಳು ಏರುಪೇರಾಗುತ್ತವೆ. ಹೃದಯವೇ ನಿಲ್ಲಬಹುದು. ಹೊಟ್ಟೆನೋವೂ ಬರಬಹುದು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ಕೆಟ್ಟರೆ ಹೊರಗೆ ಹಾಕಲು ಅದಕ್ಕೆ ದಾರಿ ಇಲ್ಲ.

ಹಾಗಾದರೆ ಏನು ಕೊಡಬೇಕು? ಒಣಗಿಸಿದ ಲೂಸರ್ನ್ ಮೇವು ಒಳ್ಳೆಯದು. ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ ಸುಮಾರು ಅರ್ಧ ಕಿಲೋ ಸಾಕು. ಆಮೇಲೆ ಡಾಕ್ಟರು ಹೇಳಿದ ಹಾಗೆ, ಹತ್ತು ದಿನದಲ್ಲಿ ನಿಧಾನವಾಗಿ ಹೆಚ್ಚಿಸಿ. ಶುದ್ಧ ನೀರು ಯಾವಾಗಲೂ ಮುಂದಿರಲಿ. ದೊಡ್ಡ ಕುದುರೆಗೆ ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕು. ತಿನ್ನುವಾಗ ಮೇವು ಬಾಯಿಂದ ಉದುರಿದರೆ ಹಲ್ಲು ಚೂಪಾಗಿರಬಹುದು. ಡಾಕ್ಟರು ಅರದಿಂದ ಉಜ್ಜಿ ಸರಿಮಾಡುತ್ತಾರೆ.

ಹುಣ್ಣನ್ನು ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಿಂದ ತೊಳೆಯಿರಿ. ನೊಣ ಕೂರದಂತೆ ನೋಡಿಕೊಳ್ಳಿ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಹೊಡೆಸಿ. ಯಾವ ದಿನ ಎಷ್ಟು ಮೇವು, ಯಾವ ಔಷಧ, ಮುಂದಿನ ಲಾಳ ಯಾವಾಗ, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಿ. ನೀವು ಕಲಿತ ಅಕ್ಷರ ಇಲ್ಲಿ ಕೆಲಸಕ್ಕೆ ಬರುತ್ತೆ.

ಕುದುರೆ ಮೈದುಂಬಲು ಕೆಲವು ತಿಂಗಳು ಬೇಕು. ಅಲ್ಲಿಯವರೆಗೆ ಗಾಡಿಯವರ ಮನೆ ನಡೆಯಬೇಕಲ್ಲ? ಅವರಿಗೆ ಬೇರೆ ಕೂಲಿ ಸಿಗುವಂತೆ ನಾವು ನೋಡಬೇಕು. ಹೊಲ ಇರುವವರು ಒಂದೊಂದು ಹೊರೆ ಹುಲ್ಲು ಕೊಡಬಹುದು. ಸಂಘದಿಂದ ಸಣ್ಣ ಸಾಲ ಕೊಡಬಹುದು. ಇಲ್ಲದಿದ್ದರೆ ಅವರು ಹುಣ್ಣು ಆರುವ ಮುಂಚೆಯೇ ಗಾಡಿ ಕಟ್ಟುತ್ತಾರೆ. ನಾವು ಪಟ್ಟ ಶ್ರಮವೆಲ್ಲ ನೀರುಪಾಲು.

ವಾಸಿಯಾದ ಮೇಲೂ ಪಟ್ಟಿಯ ಕೆಳಗೆ ಮೆತ್ತನೆ ಬಟ್ಟೆ ಇರಲಿ. ಭಾರ ಮಿತವಾಗಿರಲಿ. ತೀರಾ ಮುದಿಯಾದ ಕುದುರೆಯನ್ನು ಮತ್ತೆ ಗಾಡಿಗೆ ಕಟ್ಟುವುದು ಬೇಡ.

ಇನ್ನು ಮುಂದೆ ಟಾಂಗಾ ಹತ್ತುವ ಮುಂಚೆ ಕುದುರೆಯ ಮೈ ನೋಡಿ. ಹುಣ್ಣಿದ್ದರೆ, ಕುಂಟುತ್ತಿದ್ದರೆ ಹತ್ತಬೇಡಿ. ಯಾಕೆ ಹತ್ತಲಿಲ್ಲ ಅಂತ ಗಾಡಿಯವರಿಗೆ ಸಮಾಧಾನವಾಗಿ ಹೇಳಿ.